ಜೀವಸಮಾಸವೂ ವಂಶವೃಕ್ಷವೂ: ಒಂದು ವಿಮರ್ಶೆ

ಜೈನಸಿದ್ಧಾಂತದಲ್ಲಿ ನಿರೂಪಿತವಾಗಿರುವ ಜೀವವಿಭಾಗಕ್ಕೂ ಆಧುನಿಕ ಜೀವವಿಜ್ಞಾನದ ವಿಕಾಸವಾದಕ್ಕೂ ಸಾಮ್ಯವನ್ನು ಕಲ್ಪಿಸುವ ಪ್ರವೃತ್ತಿ ಗ್ರಂಥಗಳ ಪ್ರಸ್ತಾವನೆಗಳಲ್ಲಿಯೂ ಟಿಪ್ಪಣಿಗಳಲ್ಲಿಯೂ ಉಪನ್ಯಾಸಗಳಲ್ಲಿಯೂ ಆಗಾಗ ಕಂಡುಬರುತ್ತದೆ. ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಒಂದೊಂದೇ ಇಂದ್ರಿಯ ಹೆಚ್ಚುತ್ತ ಹೋಗುವ ಕ್ರಮವನ್ನು ಎತ್ತಿಕೊಂಡು, ಡಾರ್ವಿನ್ 1859ರಲ್ಲಿ ಪ್ರತಿಪಾದಿಸಿದ ತತ್ತ್ವ ಜೈನಾಚಾರ್ಯರಿಗೆ ಮೊದಲೇ ವಿದಿತವಾಗಿತ್ತೆಂದು ಹೇಳಲಾಗುತ್ತದೆ. ಇದಕ್ಕೆ ಎದುರಾಗಿ, ಆ ವಿಭಾಗವು ಸೂಕ್ಷ್ಮದರ್ಶಕವಿಲ್ಲದ ಕಾಲದ ಅಪಕ್ವ ಪ್ರಾಣಿಶಾಸ್ತ್ರವೆಂದೂ ಇಂದು ಅದಕ್ಕೆ ಚಾರಿತ್ರಿಕ ಕುತೂಹಲದ ಬೆಲೆಯಷ್ಟೇ ಉಂಟೆಂದೂ ಹೇಳುವವರಿದ್ದಾರೆ. ಈ ಎರಡು ಅಭಿಪ್ರಾಯಗಳೂ ಪರಸ್ಪರ ವಿರುದ್ಧವಾಗಿ ತೋರಿದರೂ ಒಂದೇ ತಪ್ಪಿನಿಂದ ಹುಟ್ಟಿವೆ. ಗ್ರಂಥವು ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದೆಯೆಂಬುದನ್ನು ಕೇಳದೆ, ಬೇರೊಂದು ಪ್ರಶ್ನೆಯನ್ನು ಅದರ ಮುಂದಿಟ್ಟು ಉತ್ತರವನ್ನು ಅಳೆಯುವುದೇ ಆ ತಪ್ಪು. ಹಸ್ತಪ್ರತಿಗಳ ಪರಂಪರೆಯನ್ನು ಪರಿಶೀಲಿಸುವ ವಿದ್ವಾಂಸರಿಗೆ ಈ ದೋಷವನ್ನು ಗುರುತಿಸುವ ಸಾಮರ್ಥ್ಯ ಉಳಿದವರಿಗಿಂತ ಹೆಚ್ಚಾಗಿಯೇ ಇದೆ.

1. ಪದಗಳಿಂದಾದ ಗೊಂದಲ

ಗೊಂದಲದ ಮೊದಲ ಬೀಜ ಪರಿಭಾಷೆಯಲ್ಲಿದೆ. ಕನ್ನಡದಲ್ಲಿ ‘ವಿಕಾಸ’ ಎಂದರೆ ಅರಳುವಿಕೆ, ಮೇಲ್ಮೆಯ ಕಡೆಗಿನ ಬೆಳವಣಿಗೆ. ಗುಣಸ್ಥಾನಗಳನ್ನು ವಿವರಿಸುವಾಗ ‘ಆತ್ಮವಿಕಾಸ’ ಎಂಬ ಮಾತನ್ನು ಬಳಸುವ ರೂಢಿಯೂ ಇದೆ. ಮಿಥ್ಯಾತ್ವದಿಂದ ಅಯೋಗಕೇವಲಿಯವರೆಗಿನ ಹದಿನಾಲ್ಕು ಮೆಟ್ಟಿಲುಗಳಿಗೆ ಆ ಮಾತು ಒಪ್ಪುತ್ತದೆ. ಆದರೆ ಜೀವವಿಜ್ಞಾನದ ವಿಕಾಸಕ್ಕೆ ಮೇಲು ಕೀಳುಗಳಿಲ್ಲ. ತಲೆಮಾರಿನಿಂದ ತಲೆಮಾರಿಗೆ ದೇಹಗಳಲ್ಲಿ ವ್ಯತ್ಯಾಸಗಳು ಸಂಭವಿಸಿ, ಆಯಾ ಪರಿಸರದಲ್ಲಿ ಹೆಚ್ಚು ಸಂತತಿಯನ್ನು ಉಳಿಸಿದ ವ್ಯತ್ಯಾಸಗಳು ಹರಡಿ, ಒಂದು ಮೂಲದಿಂದ ಹಲವು ಕವಲುಗಳು ಒಡೆಯುವುದಷ್ಟೇ ಅದರ ತಿರುಳು. ಅಂಗಗಳು ಕೂಡಿಕೊಳ್ಳುವಂತೆಯೇ ಕಳೆದುಹೋಗುವುದೂ ವಿಕಾಸವೇ.

‘ಜಾತಿ’, ‘ಕುಲ’ ಎಂಬ ಮಾತುಗಳ ಸ್ಥಿತಿಯೂ ಇದೇ. ಪಠ್ಯಪುಸ್ತಕಗಳಲ್ಲಿ ಇವು ಲಿನೇಯಸ್‌ನ ವರ್ಗೀಕರಣದ ಹಂತಗಳಿಗೆ ಸಲ್ಲುವ ಪದಗಳು. ಕರ್ಮಸಿದ್ಧಾಂತದಲ್ಲಾದರೋ ಜಾತಿಯು ನಾಮಕರ್ಮದ ಒಂದು ಪ್ರಕೃತಿ. ಏಕೇಂದ್ರಿಯಜಾತಿಯಿಂದ ಪಂಚೇಂದ್ರಿಯಜಾತಿಯವರೆಗೆ ಅದು ಐದೇ ಬಗೆ. ಕುಲವೆಂದರೆ ಕುಲಕೋಟಿಗಳ ಲೆಕ್ಕಕ್ಕೆ ಸೇರಿದ ಮಾತು. ಒಂದೇ ಅಕ್ಷರಗಳಿಂದಾದ ಪದ ಎರಡು ಶಾಸ್ತ್ರಗಳಲ್ಲಿ ಬಂದಾಗ ಅರ್ಥವೂ ಒಂದೆಂದು ಭಾವಿಸುವುದು ನಾಮನಿಕ್ಷೇಪವನ್ನು ಭಾವನಿಕ್ಷೇಪವೆಂದು ಭ್ರಮಿಸಿದಂತೆ. ನಿಕ್ಷೇಪಗಳ ವಿವೇಕವನ್ನು ವ್ಯಾಖ್ಯಾನದ ಆರಂಭದಲ್ಲೇ ಬೋಧಿಸುವ ಪರಂಪರೆಯಲ್ಲಿ ಈ ಭ್ರಮೆಗೆ ಎಡೆಯಿರಬಾರದು.

2. ಜೀವಕಾಂಡದ ಉದ್ದೇಶ

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಚಾವುಂಡರಾಯನ ನಿಮಿತ್ತವಾಗಿ ಸಂಗ್ರಹಿಸಿದ ಗೊಮ್ಮಟಸಾರದ ಜೀವಕಾಂಡವು ಇಪ್ಪತ್ತು ಪ್ರರೂಪಣೆಗಳಲ್ಲಿ ವಿಸ್ತರಿಸಿದೆ. ಗುಣಸ್ಥಾನ, ಜೀವಸಮಾಸ, ಪರ್ಯಾಪ್ತಿ, ಪ್ರಾಣ, ಸಂಜ್ಞೆ, ಹದಿನಾಲ್ಕು ಮಾರ್ಗಣೆಗಳು, ಉಪಯೋಗ ಇವೇ ಆ ಇಪ್ಪತ್ತು. ಇಂದ್ರಿಯವು ಹದಿನಾಲ್ಕು ಮಾರ್ಗಣೆಗಳಲ್ಲಿ ಒಂದು ಮಾತ್ರ. ಗತಿ, ಕಾಯ, ಯೋಗ, ವೇದ, ಕಷಾಯ, ಜ್ಞಾನ, ಲೇಶ್ಯೆ ಮೊದಲಾದವು ಅದರ ಜೊತೆಗೆ ಸಮಾನಸ್ಥಾನದಲ್ಲಿ ನಿಂತಿವೆ. ಒಂದೇ ಜೀವವನ್ನು ಹದಿನಾಲ್ಕು ಬಾಗಿಲುಗಳಿಂದ ಹುಡುಕಿ ನೋಡುವ ಕ್ರಮವಿದು. ಮಾರ್ಗಣೆ ಎಂಬ ಪದದ ಅರ್ಥವೂ ಅನ್ವೇಷಣೆಯೇ. ಹೀಗೆ ಹಲವು ದೃಷ್ಟಿಗಳಿಂದ ಅಡ್ಡಡ್ಡಲಾಗಿ ವಿಭಾಗಿಸುವ ಕ್ರಮಕ್ಕೆ ವೃಕ್ಷದ ಆಕಾರವಿಲ್ಲ. ಹದಿನಾಲ್ಕರಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ಏಣಿಯನ್ನಾಗಿ ನಿಲ್ಲಿಸುವುದು ಗ್ರಂಥದ ಅಂಗಭಂಗ.

ಜೀವಸಮಾಸದ ಪ್ರಕರಣವೂ ಇದನ್ನೇ ದೃಢಪಡಿಸುತ್ತದೆ. ಸೂಕ್ಷ್ಮ ಏಕೇಂದ್ರಿಯ, ಬಾದರ ಏಕೇಂದ್ರಿಯ, ದ್ವೀಂದ್ರಿಯ, ತ್ರೀಂದ್ರಿಯ, ಚತುರಿಂದ್ರಿಯ, ಅಸಂಜ್ಞಿ ಪಂಚೇಂದ್ರಿಯ, ಸಂಜ್ಞಿ ಪಂಚೇಂದ್ರಿಯ ಎಂಬ ಏಳು ಬಗೆಗಳು ಪರ್ಯಾಪ್ತ, ಅಪರ್ಯಾಪ್ತ ಭೇದದಿಂದ ಹದಿನಾಲ್ಕಾಗುತ್ತವೆ. ಪರ್ಯಾಪ್ತ ಏಕೇಂದ್ರಿಯಕ್ಕೆ ನಾಲ್ಕು ಪ್ರಾಣಗಳು, ದ್ವೀಂದ್ರಿಯಕ್ಕೆ ಆರು, ಮುಂದೆ ಒಂದೊಂದೇ ಹೆಚ್ಚಿ ಸಂಜ್ಞಿ ಪಂಚೇಂದ್ರಿಯಕ್ಕೆ ಹತ್ತು. ಈ ಗಣನೆಯ ಪ್ರಯೋಜನ ಸ್ಪಷ್ಟವಾಗಿದೆ. ಪ್ರಾಣವ್ಯಪರೋಪಣವೇ ಹಿಂಸೆಯಾದುದರಿಂದ ಯಾವ ಜೀವಕ್ಕೆ ಎಷ್ಟು ಪ್ರಾಣಗಳೆಂದು ತಿಳಿಯದೆ ಅಹಿಂಸೆಯನ್ನು ಆಚರಿಸಲಾಗದು. ಜೀವಕಾಂಡ ಕೇಳುವ ಪ್ರಶ್ನೆ: ಈ ಜೀವ ಈಗ ಯಾವ ಸ್ಥಿತಿಯಲ್ಲಿದೆ? ಇದಕ್ಕೆ ನೋವಾಗುವುದು ಹೇಗೆ? ವಿಕಾಸವಾದ ಕೇಳುವ ಪ್ರಶ್ನೆ: ಈ ದೇಹ ಯಾವ ದೇಹಗಳ ಸಂತತಿ? ಇದರ ದಾಯಾದಿಗಳು ಯಾರು?

ಭವಾಂತರದಲ್ಲಿ ಜೀವವು ಏಕೇಂದ್ರಿಯದಿಂದ ಪಂಚೇಂದ್ರಿಯಕ್ಕೆ ಬರುವುದನ್ನು ವಿಕಾಸವೆನ್ನುವವರು ಅದರ ವಿಪರ್ಯಯವನ್ನು ಮರೆಯುತ್ತಾರೆ. ಭವನತ್ರಿಕದ ದೇವರೂ ಸೌಧರ್ಮ, ಐಶಾನ ಕಲ್ಪಗಳ ದೇವರೂ ಚ್ಯುತರಾಗಿ ಪೃಥ್ವೀಕಾಯ, ಅಪ್ಕಾಯ, ಪ್ರತ್ಯೇಕವನಸ್ಪತಿಗಳಲ್ಲಿ ಹುಟ್ಟಬಹುದೆಂಬುದು ಸಿದ್ಧಾಂತ. ಇಲ್ಲಿ ಸಾಗುವುದು ಜೀವ, ಅದಕ್ಕೆ ಕಾರಣ ಅದರದೇ ಕರ್ಮ. ವಿಕಾಸವಾದದಲ್ಲಿ ಸಾಗುವುದು ದೇಹದ ಆನುವಂಶಿಕ ಗುಣ. ಯಾವ ಒಂದು ಪ್ರಾಣಿಯೂ ತಾನಾಗಿ ವಿಕಾಸ ಹೊಂದುವುದಿಲ್ಲ, ಸಂತತಿಗಳ ಸಮೂಹ ಬದಲಾಗುತ್ತದೆ. ಎರಡು ಗತಿಗಳ ಕರ್ತೃವೂ ಬೇರೆ, ಮಾರ್ಗವೂ ಬೇರೆ.

3. ಪ್ರತಿಗಳ ವಂಶ, ಪ್ರಾಣಿಗಳ ವಂಶ

ವಿಕಾಸವಾದಕ್ಕೆ ಜೈನವಿದ್ವತ್ತಿನಲ್ಲಿ ಹತ್ತಿರದ ಸಾದೃಶ್ಯವನ್ನು ಹುಡುಕುವುದಾದರೆ ಅದು ದೊರೆಯುವುದು ಜೀವಕಾಂಡದ ಗಾಹೆಗಳಲ್ಲಲ್ಲ, ಅವನ್ನು ಹೊತ್ತು ತಂದ ಓಲೆಗರಿಗಳಲ್ಲಿ. ಮೂಡಬಿದರೆಯ ತಾಡಪತ್ರಗಳಿಂದ ಹೊರಟ ಧವಲೆಯ ಪಾಠವು ನಕಲಿನ ನಕಲಾಗಿ ಅಮರಾವತಿ, ಆರಾ, ಕಾರಂಜಾ ಪ್ರತಿಗಳಿಗೆ ಬಂದು, ಅಲ್ಲಿಂದ 1939ರಲ್ಲಿ ಮುದ್ರಣಕ್ಕೆ ಏರಿತು. ಕೇಶವವರ್ಣಿಯು ಶಕ 1281ರಲ್ಲಿ, ಎಂದರೆ ಕ್ರಿ.ಶ. 1359ರಲ್ಲಿ, ಗೊಮ್ಮಟಸಾರಕ್ಕೆ ಕನ್ನಡದಲ್ಲಿ ಬರೆದ ಜೀವತತ್ತ್ವಪ್ರದೀಪಿಕೆಯಿಂದ ಅದೇ ಹೆಸರಿನ ಸಂಸ್ಕೃತ ಟೀಕೆ ಹುಟ್ಟಿತು. ಅದರಿಂದ ಹದಿನೆಂಟನೆಯ ಶತಮಾನದಲ್ಲಿ ಟೋಡರಮಲ್ಲರ ಢೂಂಢಾರೀ ಭಾಷೆಯ ಸಮ್ಯಗ್ಜ್ಞಾನಚಂದ್ರಿಕೆ. ಸಂಸ್ಕೃತ ಟೀಕೆಯೂ ಕೇಶವವರ್ಣಿಯದೇ ಎಂದು ಬಹುಕಾಲ ನಂಬಲಾಗಿತ್ತು. ಅದು ನೇಮಿಚಂದ್ರನೆಂಬ ಬೇರೊಬ್ಬ ಟೀಕಾಕಾರನದೆಂದೂ ಕನ್ನಡ ವೃತ್ತಿಯೇ ಅದಕ್ಕೆ ಆಧಾರವೆಂದೂ ತೋರಿಸಿಕೊಟ್ಟವರು ಡಾ. ಆ. ನೇ. ಉಪಾಧ್ಯೆಯವರು. ಜೀವಗಳನ್ನು ವಿಭಾಗಿಸುವ ಗ್ರಂಥದ ಟೀಕೆಗಳೇ ಒಂದರಿಂದೊಂದು ಹುಟ್ಟಿ, ಬದಲಾಗಿ, ಕವಲೊಡೆದಿವೆ.

ಈ ಸಾದೃಶ್ಯ ಕೇವಲ ಅಲಂಕಾರವಲ್ಲ, ವಿಧಾನದಲ್ಲಿಯೇ ಇದೆ. ಎರಡು ಪ್ರತಿಗಳು ಶುದ್ಧಪಾಠದಲ್ಲಿ ಒಮ್ಮತವಾಗಿರುವುದರಿಂದ ಅವು ಒಂದೇ ಮಾತೃಕೆಯಿಂದ ಬಂದುವೆಂದು ಸಿದ್ಧವಾಗುವುದಿಲ್ಲ. ಮೂಲದ ಪಾಠವನ್ನು ಯಾವ ಪ್ರತಿಯಾದರೂ ಉಳಿಸಿಕೊಂಡಿರಬಹುದು. ಒಂದೇ ಸ್ಖಾಲಿತ್ಯದಲ್ಲಿ, ಒಂದೇ ಲೋಪದಲ್ಲಿ ಅವು ಕೂಡಿದರೆ ಆಗ ಸಂಬಂಧ ಗೊತ್ತಾಗುತ್ತದೆ. ಲಾಖ್‌ಮನ್ ಲುಕ್ರೀಷಿಯಸನ ಕಾವ್ಯವನ್ನು ಈ ಬಗೆಯ ತರ್ಕದಿಂದ 1850ರಲ್ಲಿ ಸಂಪಾದಿಸಿದನು. ಒಂಬತ್ತು ವರ್ಷಗಳ ಅನಂತರ ಬಂದ ಡಾರ್ವಿನ್‌ನ ಗ್ರಂಥದಲ್ಲಿರುವ ಒಂದೇ ಒಂದು ಚಿತ್ರವೂ ಕವಲೊಡೆಯುವ ವೃಕ್ಷದ್ದೇ. ಹಂಚಿಕೊಂಡ ಹೊಸ ಲಕ್ಷಣವೇ ಬಂಧುತ್ವಕ್ಕೆ ಪ್ರಮಾಣ, ಹಂಚಿಕೊಂಡ ಹಳೆಯ ಲಕ್ಷಣವಲ್ಲ ಎಂಬ ನಿಯಮವನ್ನು ಜರ್ಮನಿಯ ವಿಲಿ ಹೆನ್ನಿಗ್ 1950ರಲ್ಲಿ ಪ್ರಾಣಿಶಾಸ್ತ್ರಕ್ಕಾಗಿ ವ್ಯವಸ್ಥಿತವಾಗಿ ರೂಪಿಸಿದನು. 1998ರಲ್ಲಿ ಚಾಸರ್ ಕವಿಯ ಕಾವ್ಯಭಾಗವೊಂದರ 58 ಹಸ್ತಪ್ರತಿಗಳ ಸಂಬಂಧವನ್ನು ಜೀವವಿಜ್ಞಾನಿಗಳ ಗಣಕ ವಿಧಾನದಿಂದಲೇ ಪರೀಕ್ಷಿಸಲಾಯಿತು. ಎರಡು ಶಾಸ್ತ್ರಗಳ ತರ್ಕ ಒಂದೇ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಡ.

ಭೇದವೂ ಇದೆ. ಲಿಪಿಕಾರನ ಸ್ಖಾಲಿತ್ಯವನ್ನು ಸಂಪಾದಕನು ತೆಗೆದುಹಾಕುತ್ತಾನೆ, ಜೀವಲೋಕದಲ್ಲಿ ತಿದ್ದುವವನಿಲ್ಲ. ಅಲ್ಲಿ ಕೆಲವು ವ್ಯತ್ಯಾಸಗಳು ಉಪಯುಕ್ತವಾಗಿ ಪರಿಣಮಿಸಿ ಮುಂದಿನ ಪಾಠವೇ ಆಗಿಬಿಡುತ್ತವೆ.

4. ನಾಲ್ಕು ತಾಲ್ಲೂಕುಗಳ ನಿದರ್ಶನ

ಈ ಎರಡು ವಿಭಾಗಕ್ರಮಗಳ ಅಂತರವನ್ನು ದೂರದ ದ್ವೀಪಗಳ ಪ್ರಾಣಿಗಳಿಂದಲೇ ತೋರಿಸಬೇಕಾಗಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಪರಿಚಿತ ಜೀವಿಗಳೇ ಸಾಕು. ಜೈನಚರಿತ್ರೆಗೂ ಈ ಸೀಮೆ ಹೊರತಲ್ಲ: ಜೈನರಿಗೂ ಶ್ರೀವೈಷ್ಣವರಿಗೂ ನಡುವಣ ವಿವಾದವನ್ನು ಬುಕ್ಕರಾಯನು 1368ರಲ್ಲಿ ಪರಿಹರಿಸಿದ ಶಾಸನ ಶ್ರವಣಬೆಳಗೊಳದಲ್ಲಿರುವಂತೆ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೆ. ಇಲ್ಲಿಯ ಬೆಟ್ಟಗಳು ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕಾದು ಗಟ್ಟಿಯಾದ ಗ್ರಾನೈಟ್. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಈ ಶಿಲೆ ಭೂವಿಜ್ಞಾನದಲ್ಲಿ ಪ್ರಸಿದ್ಧ. ಇಂಥ ಶಿಲೆಯಲ್ಲಿ ಪಳೆಯುಳಿಕೆಗಳು ಇರುವುದಿಲ್ಲ. ಮೂಲಪ್ರತಿ ನಷ್ಟವಾದಾಗ ಉಳಿದ ಪ್ರತಿಗಳಿಂದಲೇ ಪರಂಪರೆಯನ್ನು ಊಹಿಸುವಂತೆ, ಇಲ್ಲಿ ಪ್ರಾಣಿಗಳ ಪೂರ್ವಚರಿತ್ರೆಯನ್ನು ಬದುಕಿರುವ ದೇಹಗಳಲ್ಲೇ ಓದಬೇಕು.

ಚನ್ನಪಟ್ಟಣದ ಗೊಂಬೆಯಿಂದ ಆರಂಭಿಸಬಹುದು. ಹಾಲೆಮರದ ಕಟ್ಟಿಗೆಯನ್ನು ಕಡೆದು ಅದಕ್ಕೆ ಬಣ್ಣದ ಅರಗನ್ನು ಹಿಡಿಸುವುದು ಅಲ್ಲಿಯ ಕಸುಬು. ಅರಗು ಒಂದು ಕೀಟದ ಸ್ರಾವ. ಮೊಟ್ಟೆಯಿಂದ ಹೊರಟ ಮರಿಗೆ ಕಾಲು, ಕಣ್ಣು, ಮೀಸೆಗಳಿವೆ. ಅದು ರೆಂಬೆಯ ಮೇಲೆ ಹರಿದಾಡಿ ಒಂದೆಡೆ ನೆಲಸುತ್ತದೆ. ಬೆಳೆದ ಹೆಣ್ಣು ಕಾಲುಗಳನ್ನೂ ಕಣ್ಣುಗಳನ್ನೂ ಕಳೆದುಕೊಂಡು, ಕೊಂಬೆಗೆ ಅಂಟಿದ ಚೀಲದಂತೆ ಅರಗಿನೊಳಗೆ ಹುದುಗಿರುತ್ತದೆ. ಗಂಡಿಗೆ ಕಣ್ಣುಗಳುಂಟು, ಕೆಲವಕ್ಕೆ ರೆಕ್ಕೆಗಳೂ ಉಂಟು. ಇಂದ್ರಿಯಗಳ ಬಾಹ್ಯಲೆಕ್ಕದಿಂದ ಹೆಣ್ಣನ್ನು ಕೆಳಗಿನ ವರ್ಗದಲ್ಲಿಯೂ ಅದರದೇ ಗಂಡನ್ನು ಚತುರಿಂದ್ರಿಯದಲ್ಲಿಯೂ ಇಡಬೇಕಾದೀತು. ವಂಶದ ಲೆಕ್ಕದಲ್ಲಿ ಎರಡೂ ಒಂದೇ ಪ್ರಭೇದ. ಆರು ಕಾಲಿನ ಕೀಟಗಳ ವಂಶದಲ್ಲಿ ಅವಕ್ಕೆ ಸ್ಥಾನ. ವಿಕಾಸವು ಇಂದ್ರಿಯಗಳನ್ನು ಏರಿಸುವ ಏಣಿಯಾಗಿದ್ದರೆ ಈ ಹೆಣ್ಣಿನ ಸ್ಥಿತಿ ವಿವರಣೆಗೇ ಸಿಕ್ಕದು. ಆದರೂ ಶ್ರಾವಕಾಚಾರದ ದೃಷ್ಟಿ ಇಲ್ಲಿ ಸೋತಿಲ್ಲ. ಹೇಮಚಂದ್ರರ ಯೋಗಶಾಸ್ತ್ರವೂ ಆಶಾಧರರ ಸಾಗಾರಧರ್ಮಾಮೃತವೂ ವರ್ಜ್ಯವಾದ ವ್ಯಾಪಾರಗಳಲ್ಲಿ ಲಾಕ್ಷಾವಾಣಿಜ್ಯವನ್ನು ಹೇಳಿವೆ. ಅರಗಿನಲ್ಲಿ ಜೀವಬಾಧೆಯುಂಟೆಂದು ಆ ಆಚಾರ್ಯರು ಅರಿತಿದ್ದರು. ಕೀಟದ ವಂಶಾವಳಿ ಅವರಿಗೆ ಬೇಕಾಗಿರಲಿಲ್ಲ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯದಲ್ಲೇ ದೊಡ್ಡದೆಂದು ಹೆಸರಾಗಿದೆ. ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ದ್ವೀಂದ್ರಿಯಾದಿಗಳಿಗೆ ಕ್ರಮವಾಗಿ ಕೃಮಿ, ಇರುವೆ, ದುಂಬಿ, ಮನುಷ್ಯರನ್ನು ಉದಾಹರಿಸುತ್ತಾರೆ. ಕೃಮಿಗೆ ‘ಹುಳು’ ಎಂದು ಕನ್ನಡ ಮಾಡಿದರೆ ಓದುಗನು ರೇಷ್ಮೆಹುಳುವನ್ನೂ ಎರೆಹುಳುವನ್ನೂ ಒಟ್ಟಿಗೆ ದ್ವೀಂದ್ರಿಯದಲ್ಲಿ ಇಟ್ಟುಬಿಡುತ್ತಾನೆ. ರೇಷ್ಮೆಹುಳುವಿನ ತಲೆಯ ಎರಡು ಪಕ್ಕಗಳಲ್ಲಿ ಆರಾರು ಸರಳನೇತ್ರಗಳಿವೆ. ಹಿಪ್ಪುನೇರಳೆ ಸೊಪ್ಪನ್ನು ಅದು ವಾಸನೆಯಿಂದ ಹುಡುಕುತ್ತದೆ, ರುಚಿಯಿಂದ ಗುರುತಿಸುತ್ತದೆ. ರೈತರು ‘ಜ್ವರ’ವೆಂದು ಕರೆಯುವ ನಾಲ್ಕು ಪೊರೆ ಕಳಚಿಕೆಗಳನ್ನು ದಾಟಿ, ಚಂದ್ರಿಕೆಯಲ್ಲಿ ಗೂಡು ಕಟ್ಟಿ, ಪತಂಗವಾಗುವುದು ಅದೇ ಜೀವ. ಎರೆಹುಳುವಿಗೂ ಅದಕ್ಕೂ ಹೆಸರಿನಲ್ಲಿ ಮಾತ್ರ ನಂಟು. ಪಾರಿಭಾಷಿಕವಾದ ‘ಕೃಮಿ’ಯನ್ನು ಆಡುಮಾತಿನ ‘ಹುಳು’ವಿಗೆ ಸರಿಗಟ್ಟಿದ ಅನುವಾದಕನ ಅನವಧಾನಕ್ಕೆ ಸೂತ್ರಕಾರರು ಹೊಣೆಗಾರರಲ್ಲ.

ರೇಷ್ಮೆಹುಳು ವಿಕಾಸತತ್ತ್ವದ ಇನ್ನೊಂದು ಅಂಶವನ್ನೂ ಸ್ಪಷ್ಟಪಡಿಸುತ್ತದೆ. ಚೀನಾದ ಕಾಡುಪತಂಗವನ್ನು ಮನುಷ್ಯನು ಸಾವಿರಾರು ವರ್ಷಗಳಿಂದ ಆಯ್ದು ಸಾಕಿದುದರ ಫಲವಾಗಿ ಇಂದಿನ ಸಾಕುಪತಂಗ ಹಾರಲಾರದು; ಮನುಷ್ಯನ ಆಸರೆಯಿಲ್ಲದೆ ಉಳಿಯಲಾರದು. ಮೈಸೂರು ತಳಿಯನ್ನು ದ್ವಿತಳಿಯೊಂದಿಗೆ ಕೂಡಿಸಿ ಮಿಶ್ರತಳಿಯ ಗೂಡನ್ನು ಪಡೆಯುವ ರೈತನು ಆಯ್ಕೆಯಿಂದ ಗುಣಗಳು ಬದಲಾಗುವುದನ್ನು ಬಲ್ಲ. ಸಾಕುಪ್ರಾಣಿಗಳಲ್ಲಿ ಮನುಷ್ಯ ಮಾಡುವ ಈ ಆಯ್ಕೆಯಿಂದಲೇ ಡಾರ್ವಿನ್ ತನ್ನ ವಾದವನ್ನು ಆರಂಭಿಸಿದನು. 1868ರ ಗ್ರಂಥದಲ್ಲಿ ರೇಷ್ಮೆಪತಂಗವನ್ನೂ ಅವನು ವಿಚಾರಿಸಿದ್ದಾನೆ.

ರಾಮದೇವರ ಬೆಟ್ಟದ ಬಂಡೆಗಳಲ್ಲಿ ಗೂಡುಕಟ್ಟುವ ಉದ್ದಕೊಕ್ಕಿನ ರಣಹದ್ದುಗಳು ಸಾದೃಶ್ಯ ಮತ್ತು ಬಂಧುತ್ವಗಳ ಭೇದಕ್ಕೆ ನಿದರ್ಶನ. ಅಮೆರಿಕ ಖಂಡಗಳ ರಣಹದ್ದುಗಳಿಗೂ ಬೋಳುತಲೆ, ಶವಾಹಾರ, ಎತ್ತರದಲ್ಲಿ ತೇಲುವ ಹಾರಾಟಗಳಿವೆ. ಆದರೆ ಅವು ಬೇರೊಂದು ಕುಟುಂಬದವು. ಇಲ್ಲಿಯ ರಣಹದ್ದಿಗೆ ಅವಕ್ಕಿಂತ ಗಿಡುಗವೇ ಹತ್ತಿರದ ಬಂಧು. ಒಂದೇ ಬಗೆಯ ಜೀವನದಿಂದ ಒಂದೇ ಬಗೆಯ ರೂಪ ಎರಡು ಕಡೆ ಸ್ವತಂತ್ರವಾಗಿ ಮೂಡಿತು. ಸಮಾನಪದದಿಂದ ಮುಗಿಯುವ ಎರಡು ಸಾಲುಗಳ ನಡುವಿನ ಭಾಗವನ್ನು ಪರಸ್ಪರ ಸಂಬಂಧವಿಲ್ಲದ ಇಬ್ಬರು ಲಿಪಿಕಾರರು ಕಣ್ತಪ್ಪಿನಿಂದ ಬಿಟ್ಟಂತೆ ಇದು. ಅಂಥ ಲೋಪವನ್ನು ವಂಶನಿರ್ಣಯಕ್ಕೆ ಬಳಸಬಾರದೆಂದು ಗ್ರಂಥಸಂಪಾದಕರು ಬಲ್ಲರು.

ಕನಕಪುರದ ಸಂಗಮದಲ್ಲಿ ಅರ್ಕಾವತಿ ಸೇರುವ ಕಾವೇರಿಯ ಗೂನುಬೆನ್ನಿನ ಮಹಸೀರ್ ಮೀನು ಬೇಟೆಗಾರರ ಬರಹಗಳಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಪ್ರಸಿದ್ಧ. ಆದರೂ ಅದರ ಶಾಸ್ತ್ರೀಯ ನಾಮ ನಿಶ್ಚಿತವಾದುದು 2018ರಲ್ಲಿ. ಕೇರಳದಿಂದ ಹರಿದು ಕಾವೇರಿಯ ಜಾಲವನ್ನು ಸೇರುವ ಪಾಂಬಾರ್ ನದಿಯ ಮೀನಿಗೆ 2007ರಲ್ಲಿ ಕೊಟ್ಟಿದ್ದ ‘ಟಾರ್ ರೇಮಾದೇವಿಯೈ’ ಎಂಬ ಹೆಸರು ಇದಕ್ಕೂ ಸಲ್ಲುವುದೆಂದು ದೇಹರಚನೆ ಮತ್ತು ಆನುವಂಶಿಕ ಪರೀಕ್ಷೆಗಳಿಂದ ಗೊತ್ತಾಯಿತು. ಅದೇ ವರ್ಷ ಅದನ್ನು ಅಳಿವಿನ ಅಂಚಿನಲ್ಲಿರುವ ಪ್ರಭೇದವೆಂದು ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಹೆಸರಿಲ್ಲದ ಜೀವಿಯ ರಕ್ಷಣೆಗೆ ಕ್ರಮ ಕೈಗೊಳ್ಳುವುದು ಕಷ್ಟ. ಕರ್ತೃವಿನ ಹೆಸರು ತಪ್ಪಿದ ಟೀಕೆಯ ಕಾಲವನ್ನೂ ಆಧಾರವನ್ನೂ ನಿರ್ಣಯಿಸುವುದು ಕಷ್ಟವಾದಂತೆ.

ಮಾಗಡಿಯ ಸಾವನದುರ್ಗದಂಥ ಬಂಡೆಗಳ ಮೇಲೆ ಬೆಳೆಯುವ ಕಲ್ಲುಹೂವಿನ ಬಗೆಯ ಜೀವಿಗಳು ವೃಕ್ಷದ ಉಪಮೆಗೇ ಮಿತಿಯನ್ನು ತೋರಿಸುತ್ತವೆ. ಒಂದೇ ಸಸ್ಯವೆಂದು ತೋರುವ ಇದು ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ದೇಹವೆಂದು 1867ರಲ್ಲಿ ಶ್ವೆಂಡನರ್ ಪ್ರತಿಪಾದಿಸಿದನು. ಎರಡು ಮಾತೃಕೆಗಳನ್ನು ಎದುರಿಗಿಟ್ಟುಕೊಂಡು ಬರೆದ ಮಿಶ್ರಪ್ರತಿಯಂತೆ ಇದಕ್ಕೆ ಎರಡು ವಂಶಗಳಿವೆ. ಇದನ್ನು ಕಂಡು ಸಾಧಾರಣವನಸ್ಪತಿಯ ಲಕ್ಷಣವೇ ಇದೆಂದು ಟಿಪ್ಪಣಿ ಬರೆಯುವ ಆಸೆ ಸಹಜ. ಆದರೆ ಸಾಧಾರಣಶರೀರದಲ್ಲಿ ಅನಂತ ಜೀವಗಳಿಗೆ ಆಹಾರ, ಉಚ್ಛ್ವಾಸ, ಜನನ, ಮರಣಗಳು ಏಕಕಾಲದಲ್ಲಿ ಸಾಧಾರಣ. ಕಲ್ಲುಹೂವಿನಲ್ಲಿ ಭಿನ್ನ ಧರ್ಮದ ಜೀವಿಗಳ ಸಹವಾಸ. ಲಕ್ಷಣ ಹೊಂದದಿದ್ದಾಗ ಲಕ್ಷ್ಯವನ್ನು ಎಳೆದು ತರುವುದು ಅತಿವ್ಯಾಪ್ತಿ.

5. ಮರೆಮಾಚಬಾರದ ವಿರೋಧಗಳು

ಉದ್ದೇಶ ಬೇರೆಯೆಂದು ಹೇಳಿದ ಮಾತ್ರಕ್ಕೆ ಎಲ್ಲ ವಿರೋಧವೂ ಪರಿಹಾರವಾಗುವುದಿಲ್ಲ. ಕೆಲವು ಎಡೆಗಳಲ್ಲಿ ಎರಡು ಶಾಸ್ತ್ರಗಳೂ ಒಂದೇ ವಿಷಯವನ್ನು ಕುರಿತು ಬೇರೆ ಬೇರೆ ಮಾತು ಹೇಳುತ್ತವೆ. ಗರ್ಭ ಮತ್ತು ಉಪಪಾದಗಳಿಂದ ಹುಟ್ಟದವುಗಳಿಗೆಲ್ಲ ಸಮ್ಮೂರ್ಛನಜನ್ಮವೆಂಬುದು ಸೂತ್ರದ ಅಭಿಪ್ರಾಯ. ಅದರಂತೆ ಕೀಟಗಳು ಗಂಡು ಹೆಣ್ಣುಗಳ ಸಂಯೋಗವಿಲ್ಲದೆ ಹುಟ್ಟುವವು. ರೇಷ್ಮೆಪತಂಗಗಳು ಕೂಡಿದ ಮೇಲೆ ಹೆಣ್ಣು ನೂರಾರು ಮೊಟ್ಟೆಗಳನ್ನಿಡುವುದು ಪ್ರತ್ಯಕ್ಷ. ರೋಗರಹಿತ ಮೊಟ್ಟೆಯನ್ನು ತಂದು ಸಾಕುವ ಉದ್ಯಮವೇ ಅದರ ಮೇಲೆ ನಿಂತಿದೆ. ಇರುವೆಗಳಲ್ಲಿ ಬಹುಪಾಲಿಗೆ ಕಣ್ಣುಗಳಿವೆ, ತ್ರೀಂದ್ರಿಯದ ಗಣನೆ ಅದನ್ನು ಹೇಳದು. ಎಲ್ಲಕ್ಕಿಂತ ಮಿಗಿಲಾಗಿ, ಜೀವಪ್ರಕಾರಗಳು ಅನಾದಿಯೆಂಬುದು ಸಿದ್ಧಾಂತ. ಅವು ಕಾಲದಲ್ಲಿ ಹುಟ್ಟಿ ಕಾಲದಲ್ಲಿ ಅಳಿಯುತ್ತವೆಂಬುದು ವಿಜ್ಞಾನ.

ಇಂಥ ಸ್ಥಳಗಳಲ್ಲಿ ದ್ರವ್ಯೇಂದ್ರಿಯ, ಭಾವೇಂದ್ರಿಯ ಭೇದವನ್ನು ಆಶ್ರಯಿಸಿ ಸಮಾಧಾನ ಹೇಳುವುದುಂಟು. ಕ್ಷಯೋಪಶಮರೂಪವಾದ ಭಾವೇಂದ್ರಿಯ ಸೂಕ್ಷ್ಮದರ್ಶಕಕ್ಕೆ ಗೋಚರವಲ್ಲ ನಿಜ. ಆದರೆ ನಿರ್ವೃತ್ತಿ, ಉಪಕರಣಗಳು ದ್ರವ್ಯೇಂದ್ರಿಯವೇ ಆದುದರಿಂದ ಆ ಸಮಾಧಾನ ಎಲ್ಲೆಡೆಗೂ ವ್ಯಾಪಿಸದು. ವಿರೋಧವಿದ್ದಲ್ಲಿ ವಿರೋಧವಿದೆಯೆಂದು ಬರೆಯುವುದೇ ಪ್ರಾಮಾಣಿಕ ಟಿಪ್ಪಣಿ. ಅಸಂಗತವಾದ ಪಾಠವನ್ನು ತನಗೆ ತೋರಿದಂತೆ ತಿದ್ದಿ ಮೂಲದಲ್ಲಿ ಸೇರಿಸುವ ಲಿಪಿಕಾರನನ್ನು ದೂಷಿಸುವ ಸಂಪಾದಕನು, ಅರ್ಥದ ವಿಷಯದಲ್ಲಿ ಅದನ್ನೇ ಮಾಡುವಂತಿಲ್ಲ. ನಯವಾದದ ಬಲದಿಂದ ಎರಡನ್ನೂ ಒಪ್ಪಿಸಲು ಹೊರಡುವವರೂ ಒಂದು ಮಾತನ್ನು ನೆನೆಯಬೇಕು: ನಯಗಳು ದೃಷ್ಟಿಭೇದವನ್ನು ಉಳಿಸಿಕೊಡುವುದಕ್ಕಾಗಿ ಇವೆ, ಅದನ್ನು ಅಳಿಸುವುದಕ್ಕಾಗಿ ಅಲ್ಲ.

6. ಉಪಸಂಹಾರ

ಜೀವಕಾಂಡದ ಅಥವಾ ಅದರ ಕನ್ನಡ ವೃತ್ತಿಯ ಮುಂದಿನ ಸಂಪಾದನೆಗಳಲ್ಲಿ ಜಾತಿ, ಕುಲ, ಯೋನಿ, ಕಾಯಗಳಿಗೆ ವಿಜ್ಞಾನದ ಪರಿಭಾಷೆಯನ್ನು ಪರ್ಯಾಯವಾಗಿ ಕೊಡುವುದು ತಪ್ಪಬೇಕು. ಕೃಮ್ಯಾದಿ ನಾಮಗಳಿಗೆ ವೃತ್ತಿಕಾರನು ಬಳಸಿದ ಕನ್ನಡ ಪದವನ್ನು ಪ್ರತಿಗಳಲ್ಲಿ ಇದ್ದಂತೆಯೇ, ಪಾಠಾಂತರಸಹಿತವಾಗಿ, ಉಳಿಸಬೇಕು. ಹಳಗನ್ನಡದ ಪ್ರಾಣಿನಾಮಗಳ ಕೋಶಕ್ಕೆ ಅದೇ ಸಾಮಗ್ರಿ. ವಿಜ್ಞಾನದ ಹೋಲಿಕೆ ಅಗತ್ಯವಾದಲ್ಲಿ ಅದು ಪ್ರತ್ಯೇಕ ಅನುಬಂಧದಲ್ಲಿರಬೇಕು.

ಎರಡು ಜ್ಞಾನಗಳೂ ಏಕೆ ಬೇಕೆಂಬುದಕ್ಕೆ ರಾಮದೇವರ ಬೆಟ್ಟದ ರಣಹದ್ದುಗಳ ವೃತ್ತಾಂತವೇ ಸಾಕ್ಷಿ. ದನಗಳ ನೋವನ್ನು ಶಮನಗೊಳಿಸಲು ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ, ಅವು ಸತ್ತಾಗ ಕಳೇಬರದ ಮೂಲಕ ರಣಹದ್ದುಗಳ ಮೂತ್ರಪಿಂಡವನ್ನು ಕೆಡಿಸಿತು. ಭಾರತದ ಉದ್ದಕೊಕ್ಕಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಕೆಲವೇ ವರ್ಷಗಳಲ್ಲಿ ನಾಶವಾಯಿತು. ಕಾರಣ 2004ರಲ್ಲಿ ಗೊತ್ತಾಗಿ, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧಿ ನಿಷಿದ್ಧವಾಯಿತು. 2012ರಲ್ಲಿ ಬೆಟ್ಟ ರಣಹದ್ದುಗಳ ಅಭಯಧಾಮವಾಯಿತು. ಒಂದು ಪಂಚೇಂದ್ರಿಯದ ಮೇಲಣ ದಯೆ ತಿಳಿವಳಿಕೆಯ ಕೊರತೆಯಿಂದ ಇನ್ನೊಂದು ಪಂಚೇಂದ್ರಿಯದ ಪ್ರಾಣಹರಣಕ್ಕೆ ಕಾರಣವಾದ ಪ್ರಸಂಗವಿದು. ವರ್ಷಕ್ಕೆ ಒಂದೇ ಮೊಟ್ಟೆಯಿಡುವ ಹಕ್ಕಿ ಇಷ್ಟು ಶೀಘ್ರವಾದ ವಿಪತ್ತಿಗೆ ಹೊಂದಿಕೊಳ್ಳಲಾರದೆಂದು ಹೇಳುವುದು ಜೀವವಿಜ್ಞಾನ. ಅದರ ಹತ್ತು ಪ್ರಾಣಗಳೂ ರಕ್ಷಣೀಯವೆಂದು ಹೇಳುವುದು ಜೀವಕಾಂಡ. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು. ಆದ್ದರಿಂದ ಎರಡನ್ನೂ ಅವುಗಳ ಪಾಠದಂತೆಯೇ ಓದಬೇಕು.